‘ಪಾಸಿಟಿವ್’ ಎಂದರೆ ಶುಭವೇ?

ಗದಗಿನಿಂದ ಚಿಕಿತ್ಸೆಗೆಂದು ಮುಂಬಯಿಗೆ ಬಂದಿದ್ದ ನನ್ನ ಸೋದರತ್ತೆಯವರ ಕುತ್ತಿಗೆಯ ಗಂಟಿನ ತುಣುಕನ್ನು ಪರೀಕ್ಷೆಗೆ ಕಳುಹಿಸಲಾಗಿತ್ತು. ವರದಿ ಬಂದ ದಿನ ನಾನು ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕಪತ್ರಗಳಲ್ಲಿ ಮುಳುಗಿದ್ದೆ. ನೆರೆಮನೆಯ ಹುಡುಗನು ಅದನ್ನು ಓದಿ ‘ನೆಗೆಟಿವ್’ ಎಂದನಂತೆ. ರಾತ್ರಿ ನಾನು ಮನೆ ಸೇರಿದಾಗ ಅತ್ತೆಯವರು ಊಟ ಬಿಟ್ಟು, ಗಂಟುಮೂಟೆ ಕಟ್ಟಿ ಕುಳಿತಿದ್ದರು. “ನೆಗೆಟಿವ್ ಅಂದ್ರ ಕೆಟ್ಟದ್ದಲ್ಲೇನಪಾ? ಇರೋ ನಾಕು ದಿನ ಊರಾಗ ಇರತೇನಿ, ಕಳಿಸಿಬಿಡು” ಎಂದರು. ಕ್ಯಾನ್ಸರಿನ ಕುರುಹು ಕಾಣಲಿಲ್ಲವೆಂಬುದೇ ಆ ವರದಿಯ ಅರ್ಥವೆಂದು ಅವರನ್ನು ನಂಬಿಸುವಷ್ಟರಲ್ಲಿ ಬೆಳಗಾಯಿತು.

ಅವರನ್ನು ದೂರುವಂತಿಲ್ಲ. ‘ಪಾಸಿಟಿವ್’ ಎಂಬ ಗುಣವಾಚಕವು ‘ಇಡು, ಸ್ಥಾಪಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ‘ನೆಗೆಟಿವ್’ ಎಂಬುದು ‘ಅಲ್ಲಗಳೆ’ ಎಂಬುದರಿಂದ. ಒಳಿತು ಕೆಡುಕುಗಳ ಸುಳಿವು ಎರಡರ ಮೂಲದಲ್ಲಿಯೂ ಇಲ್ಲ. ಶಾಲೆಯಲ್ಲಿ ನಾವು ಕಂಠಪಾಠ ಮಾಡಿದ ‘ಗುಡ್, ಬೆಟರ್, ಬೆಸ್ಟ್’ಗಳಲ್ಲಿ ಮೊದಲನೆಯದು ಪಾಸಿಟಿವ್ ಡಿಗ್ರಿ, ಆ ಲೆಕ್ಕದಲ್ಲಿ ‘ಬ್ಯಾಡ್’ ಎಂಬುದೂ ಪಾಸಿಟಿವೇ! ರಿಸರ್ವ್ ಬ್ಯಾಂಕು 2021ರ ಜನವರಿ 1ರಿಂದ ಜಾರಿಗೊಳಿಸಿದ ‘ಪಾಸಿಟಿವ್ ಪೇ’ ವ್ಯವಸ್ಥೆಯಲ್ಲಿ 50,000 ರೂಪಾಯಿ ಹಾಗೂ ಮೇಲ್ಪಟ್ಟ ಚೆಕ್ಕುಗಳ ವಿವರವನ್ನು ಗ್ರಾಹಕನು ಮುಂಚಿತವಾಗಿ ಬ್ಯಾಂಕಿಗೆ ತಿಳಿಸಬಹುದು. ಅಲ್ಲಿ ಈ ಪದಕ್ಕೆ ‘ಖಚಿತಪಡಿಸಿದ’ ಎಂದರ್ಥ. ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಉಪದೇಶ ಕೇಳಿ ಕೇಳಿಯೇ ನಾವು ಅದಕ್ಕೆ ಶುಭದ ಬಣ್ಣ ಬಳಿದಿದ್ದೇವೆ.

ಪ್ರಯೋಗಾಲಯದಲ್ಲಿ ಪಾಸಿಟಿವ್ ಎಂದರೆ ಹುಡುಕಿದ್ದು ಸಿಕ್ಕಿತು ಎಂದಷ್ಟೆ. ಹುಡುಕಿದ್ದು ಏನನ್ನು ಎಂಬುದನ್ನು ಮೊದಲು ಕೇಳಬೇಕು. ಗರ್ಭಪರೀಕ್ಷೆಯ ಪಾಸಿಟಿವ್ ಮನೆಗೆ ಸಂಭ್ರಮ ತಂದರೆ, 2020ರಲ್ಲಿ ಕೋವಿಡ್ ಪಾಸಿಟಿವ್ ಎಂಬುದು ಮನೆಮನೆಯನ್ನೂ ನಡುಗಿಸಿತು. ಕ್ಷಯದ ಮಾಂಟೂ ಪರೀಕ್ಷೆ ಪಾಸಿಟಿವ್ ಆದ ಮಾತ್ರಕ್ಕೆ ಕ್ಷಯರೋಗವಿದೆಯೆಂದಲ್ಲ. ರೋಗಾಣು ಎಂದೋ ದೇಹವನ್ನು ಹೊಕ್ಕಿರಬಹುದು, ಬಿ.ಸಿ.ಜಿ. ಲಸಿಕೆಯಿಂದಲೂ ಹಾಗಾಗಬಹುದು. ತೀರ್ಮಾನವು ವೈದ್ಯರಿಗೆ ಸೇರಿದ್ದು.

ರಕ್ತದ ಗುಂಪಿನ ಮಾತೇ ಬೇರೆ. ಆರ್‌ಎಚ್ ಪಾಸಿಟಿವ್ ಎಂದರೆ ಕೆಂಪು ರಕ್ತಕಣಗಳ ಮೇಲೆ ‘ಡಿ’ ಎಂಬ ಅಂಶವಿದೆಯೆಂದು. ನೆಗೆಟಿವ್ ಎಂದರೆ ಅದಿಲ್ಲವೆಂದು. ಅದು ರೋಗವೂ ಅಲ್ಲ, ಊನವೂ ಅಲ್ಲ. ನೆಗೆಟಿವ್ ಗುಂಪಿನ ಸೊಸೆ ಬೇಡವೆಂದ ಹಿರಿಯರನ್ನೂ ನಾನು ಕಂಡಿದ್ದೇನೆ; ಬಿ.ಕಾಂ. ಓದಿದ ನನಗೇ ನಾಚಿಕೆಯಾಯಿತು. ಎಚ್ಚರ ವಹಿಸಬೇಕಾದ ಸಂದರ್ಭವೊಂದು ಉಂಟು: ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ ಆಕೆಯ ದೇಹದಲ್ಲಿ ಆ ಅಂಶಕ್ಕೆ ಪ್ರತಿಕಾಯಗಳು ಬೆಳೆದು ಮುಂದಿನ ಮಗುವಿನ ರಕ್ತಕಣಗಳನ್ನು ನಾಶಮಾಡಬಹುದು. ಹೆರಿಗೆಯಾದ 72 ಗಂಟೆಗಳೊಳಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಆದ್ದರಿಂದ ಗರ್ಭಿಣಿಯ ರಕ್ತದ ಗುಂಪನ್ನು ಮೊದಲ ಭೇಟಿಯಲ್ಲಿಯೇ ಬರೆಯಿಸಿ, ಹೆರಿಗೆಗೆ ಹೋಗುವಾಗ ಆ ಚೀಟಿಯನ್ನು ಜೊತೆಗೆ ಒಯ್ಯಬೇಕು.