ಜಿಡಿಪಿ ಏರಿದರೆ ದೇಶದ ಆಸ್ತಿ ಬೆಳೆಯಿತೇ?

ತಪ್ಪು ಕಲ್ಪನೆ: ತಲಾ ಜಿಡಿಪಿ ಹೆಚ್ಚಿರುವ ದೇಶವೇ ಸಿರಿವಂತ ದೇಶ.

ಸತ್ಯ: ಒಂದು ವರ್ಷದಲ್ಲಿ ದೇಶದೊಳಗೆ ಎಷ್ಟು ಉತ್ಪಾದನೆಯಾಯಿತು ಎಂಬುದಷ್ಟೇ ಜಿಡಿಪಿಯ ಲೆಕ್ಕ. ವರ್ಷದ ಕೊನೆಗೆ ದೇಶದ ಕೈಯಲ್ಲಿ ಏನು ಉಳಿಯಿತು ಎಂದು ಅದು ಕೇಳುವುದೇ ಇಲ್ಲ. ಹೊಲ ಮಾರಿ ಬಂದ ದುಡ್ಡನ್ನು ಆ ವರ್ಷದ ಬೆಳೆಯ ವರಮಾನವೆಂದು ಬರೆದುಕೊಳ್ಳುವ ಮನೆ ಎಷ್ಟು ದಿನ ನಿಂತೀತು? ಪೆಸಿಫಿಕ್ ಸಾಗರದ ನೌರು ದೇಶಕ್ಕೆ ಆದದ್ದು ಅದೇ.

ಇಡೀ ದೇಶ ಸುಮಾರು 21 ಚದರ ಕಿಲೋಮೀಟರಿನ ಒಂದು ದ್ವೀಪ. ನೆಲದ ತುಂಬ ಗೊಬ್ಬರಕ್ಕೆ ಬೇಕಾದ ಉತ್ತಮ ದರ್ಜೆಯ ಫಾಸ್ಫೇಟ್. ಇಪ್ಪತ್ತನೇ ಶತಮಾನದ ಆರಂಭದಿಂದ ಹೊರಗಿನವರು ಅಗೆದರು. 1968ರಲ್ಲಿ ಸ್ವತಂತ್ರವಾದ ಮೇಲೆ ನೌರುವೇ ಗಣಿಯನ್ನು ಕೈಗೆತ್ತಿಕೊಂಡಿತು. 1970ರ ದಶಕದಲ್ಲಿ ಅದರ ತಲಾ ಆದಾಯ ಜಗತ್ತಿನ ಅತಿ ಹೆಚ್ಚಿನವುಗಳಲ್ಲಿ ಒಂದು. ಜನರಿಗೆ ಆದಾಯ ತೆರಿಗೆಯಿಲ್ಲ, ಸ್ವಂತ ವಿಮಾನ ಕಂಪನಿ, ಮೆಲ್ಬರ್ನ್ ನಗರದಲ್ಲಿ 52 ಮಹಡಿಯ ಕಟ್ಟಡ. ನಾಳೆಗೆಂದು ತೆಗೆದಿಟ್ಟ ನಿಧಿಯೂ ಇತ್ತು. ಕೆಟ್ಟ ಹೂಡಿಕೆಗಳಲ್ಲಿ ಅದು ಕರಗಿಹೋಯಿತು. ಶತಮಾನ ಮುಗಿಯುವ ಹೊತ್ತಿಗೆ ಫಾಸ್ಫೇಟ್ ಕೂಡ ಬಹುಪಾಲು ಖಾಲಿ. 2004ರಲ್ಲಿ ಮೆಲ್ಬರ್ನಿನ ಕಟ್ಟಡ ಮಾರಬೇಕಾಯಿತು. ದ್ವೀಪದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಬೇಸಾಯಕ್ಕೂ ಬಾರದ, ಮನೆ ಕಟ್ಟಲೂ ಆಗದ ಸುಣ್ಣಕಲ್ಲಿನ ಮೊನೆಗಳ ಬೀಡಾಗಿತ್ತು. ಹಡಗಿಗೆ ಹೋದ ಒಂದೊಂದು ಟನ್ನೂ ಉತ್ಪಾದನೆ ಎಂದು ಜಮೆಯಾಯಿತು. ಹೋದ ನೆಲವನ್ನು ಕಳೆಯುವ ಕಾಲಂ ಆ ಲೆಕ್ಕದಲ್ಲಿ ಇರಲೇ ಇಲ್ಲ.

ಎಣ್ಣೆ ತೆಗೆದ ನಾರ್ವೆಯ ಜಿಡಿಪಿಯೂ ಹೀಗೆಯೇ ಏರಿತು. ಆದರೆ ಆ ದೇಶ 1990ರಲ್ಲಿ ಕಾನೂನು ಮಾಡಿ ಎಣ್ಣೆಯ ಹಣಕ್ಕೊಂದು ನಿಧಿ ಕಟ್ಟಿತು, ನಿಧಿಯಿಂದ ನಿರೀಕ್ಷಿಸಬಹುದಾದ ಗಳಿಕೆಯಷ್ಟನ್ನೇ ಖರ್ಚು ಮಾಡುವ ನಿಯಮವನ್ನು 2001ರಲ್ಲಿ ಹಾಕಿಕೊಂಡಿತು. ಒಂದು ದೇಶ ಆಸ್ತಿ ಕರಗಿಸಿತು, ಇನ್ನೊಂದು ಅದರ ರೂಪ ಬದಲಿಸಿ ಉಳಿಸಿಕೊಂಡಿತು. ಇಷ್ಟು ದೊಡ್ಡ ವ್ಯತ್ಯಾಸ ಜಿಡಿಪಿಯ ಅಂಕಿಯಲ್ಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ಭೂತಾನ್ ಜಿಡಿಪಿಯನ್ನು ಕೈಬಿಟ್ಟು ಸಂತೋಷವನ್ನಷ್ಟೇ ಅಳೆಯುತ್ತದೆ.

ಸತ್ಯ: ಭೂತಾನ್ ಜಿಡಿಪಿಯನ್ನೂ ಲೆಕ್ಕ ಹಾಕುತ್ತದೆ. ಅದರ ಸಂತೋಷ ಸೂಚ್ಯಂಕ ಆರೋಗ್ಯ, ಶಿಕ್ಷಣ, ಪರಿಸರ, ಸಮಯದ ಬಳಕೆ ಮುಂತಾದ 9 ಕ್ಷೇತ್ರಗಳಲ್ಲಿ ಜನರ ಬದುಕನ್ನು ಕೇಳಿ ತಿಳಿಯುವ ಸಮೀಕ್ಷೆ. ಬೇಕಾದದ್ದೇ; ಆದರೆ ಅದು ಆಸ್ತಿಯ ಲೆಕ್ಕಪತ್ರವಲ್ಲ.

ತಪ್ಪು ಕಲ್ಪನೆ: ಇದೆಲ್ಲ ಪರಿಸರವಾದಿಗಳ ತಕರಾರು, ಅರ್ಥಶಾಸ್ತ್ರ ಒಪ್ಪುವುದಿಲ್ಲ.

ಸತ್ಯ: ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಸಿದ್ಧಪಡಿಸಿದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ಈ ಅಂಕಿಯಿಂದ ಜನರ ಕ್ಷೇಮವನ್ನು ತೀರ್ಮಾನಿಸಲಾಗದು ಎಂದು 1934ರಲ್ಲೇ ಎಚ್ಚರಿಸಿದ್ದರು. ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತಾ ಬ್ರಿಟನ್ ಸರ್ಕಾರಕ್ಕಾಗಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, 1992ರಿಂದ 2014ರ ನಡುವೆ ಜಗತ್ತಿನಲ್ಲಿ ರಸ್ತೆ, ಯಂತ್ರ, ಕಟ್ಟಡಗಳಂಥ ಬಂಡವಾಳ ತಲಾ ದುಪ್ಪಟ್ಟಾಯಿತು. ಪ್ರಕೃತಿಯ ಬಂಡವಾಳ ತಲಾ ಶೇ 40ರ ಹತ್ತಿರ ಇಳಿಯಿತು. ವಿಶ್ವಸಂಸ್ಥೆ 2025ರಲ್ಲಿ ಒಪ್ಪಿದ ಹೊಸ ರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಗಣಿ, ಎಣ್ಣೆಗಳ ಸವಕಳಿಯನ್ನು ಉತ್ಪಾದನೆಯ ವೆಚ್ಚವೆಂದೇ ಪರಿಗಣಿಸಿ, ನಿವ್ವಳ ಉತ್ಪನ್ನದಲ್ಲಿ ಕಳೆಯಬೇಕು.

ನಮ್ಮ ಬಳ್ಳಾರಿ, ಸಂಡೂರಿನ ವಿಷಯವೂ ಇದೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಚರ್ಚೆ ನಡೆದದ್ದು ಅಕ್ರಮ ಅದಿರಿನ ಬಗ್ಗೆ. ಆದರೆ ಪರವಾನಗಿ ಇದ್ದು ಹೋದ ಅದಿರೂ ಮತ್ತೆ ಬಾರದ ಆಸ್ತಿಯೇ. ರಾಜ್ಯದ ಉತ್ಪನ್ನದ ಅಂಕಿ ಪ್ರಕಟವಾಗುವ ಪುಟದಲ್ಲೇ, ಆ ವರ್ಷ ನೆಲದಿಂದ ಎಷ್ಟು ಅದಿರು ಕರಗಿತು, ಅದರ ಬೆಲೆ ಎಷ್ಟು ಎಂಬುದನ್ನೂ ಅಚ್ಚು ಹಾಕಬೇಕು.