ಎರೆಸೀಮೆಯ ಹಾದಿಯಲ್ಲಿ

ಹುಬ್ಬಳ್ಳಿಯಿಂದ ವಿಜಯಪುರದತ್ತ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸಾಗುವವರಿಗೆ ನವಲಗುಂದದ ಆಚೆಗೆ ಕಣ್ಣಳತೆಯನ್ನು ಮೀರಿದ ಎರೆಬಯಲು ತೆರೆದುಕೊಳ್ಳುತ್ತದೆ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳ ಸಿರಿ; ನರಗುಂದದ ಗುಡ್ಡ; ಮಲಪ್ರಭೆ, ಘಟಪ್ರಭೆಗಳನ್ನು ದಾಟಿದರೆ ಕೊಲ್ಹಾರದ ಬಳಿ ಕಡಲಿನಂತೆ ಹರಡಿದ ಕೃಷ್ಣೆ. ನಗರದ ಇಕ್ಕಟ್ಟಿನಲ್ಲಿ ಬೇಸತ್ತವರಿಗೆ 'ಇಲ್ಲಿಯೇ ಮನೆ ಕಟ್ಟಿ ನೆಲೆಸಬಾರದೇಕೆ?' ಎಂಬ ಆಸೆ ಮೂಡುವುದು ಸಹಜ.

ಆದರೆ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಅಡಿಪಾಯ ಭದ್ರವಾಗಿರದಿದ್ದರೆ ಗೋಡೆಯೂ ಬಿರಿಯುತ್ತದೆ. ಮೇಲಾಗಿ, ಮನಸೆಳೆಯುವ ಆ ಜಲರಾಶಿಯು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಅದರಡಿಯಲ್ಲಿ ಅನೇಕ ಹಳ್ಳಿಗಳ ಹೊಲಮನೆಗಳು ಮುಳುಗಿವೆ. ಬಾಗಲಕೋಟೆಯ ಸಾವಿರಾರು ಕುಟುಂಬಗಳು ಹಿರಿಯರು ಬಾಳಿದ ಮನೆಗಳನ್ನು ತೊರೆದು ನವನಗರಕ್ಕೆ ತೆರಳಬೇಕಾಯಿತು. ಹೊಸ ನೆಲೆಯ ಕನಸು ಕಾಣುವವರು, ಇದ್ದ ನೆಲೆಯನ್ನೇ ಬಿಟ್ಟುಕೊಟ್ಟ ಆ ಬಂಧುಗಳ ತ್ಯಾಗವನ್ನು ಸೇತುವೆ ದಾಟುವಾಗ ಮಕ್ಕಳಿಗೂ ತಿಳಿಸಿಕೊಡುವುದು ಒಳಿತು.