ಇಬ್ಬರು, ಒಂದು ಕೋಣೆ, ನಾಲ್ಕು ಪೆಟ್ಟು

ಬೀದರ್‌ನ ಹಳೇ ಊರಿನಲ್ಲಿ ಮದುವೆಯ ಬರಾತ್ ಬರುವುದು ಮೊದಲು ಎದೆಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಮೆರವಣಿಗೆ ಇನ್ನೂ ಚೌಬಾರಾ ಗೋಪುರದ ಆಚೆ ಇರುತ್ತದೆ. ಇತ್ತ ಮನೆಯೊಳಗೆ ಕೂತವರಿಗೆ ಧಡ್, ಧಡ್, ಧಡ್ ಎಂಬ ಒಂದೇ ಸಮನೆಯ ಗುದ್ದು. ಯಾವ ಹಾಡೆಂದು ತಿಳಿಯದು. ಡಿಜೆ ಗಾಡಿ ತಿರುವು ದಾಟಿ ಹತ್ತಿರ ಬಂದಮೇಲೆ ರಾಗ, ಮಾತು ಬಿಡಿಸಿಕೊಳ್ಳುತ್ತವೆ: ಒಂದು ಹಿಂದಿ ಹಾಡು, ಅದರ ಬೆನ್ನಿಗೆ ತೆಲುಗು, ನಡುವೆ ಕನ್ನಡ. ಔರಾದ್ ಕಡೆ ಹೋದಂತೆ ಮರಾಠಿಯ ಪಾಲು ಹೆಚ್ಚು. ಭಾಷೆ ಬದಲಾದರೂ ಆ ಗುದ್ದು ಬದಲಾಗುವುದಿಲ್ಲ.

ಗುದ್ದು ಮಾತ್ರ ಮುಂಚೆ ಬರುವುದಕ್ಕೆ ಕಾರಣವಿದೆ. ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗು ದನಿಯ ಒಂದೊಂದು ಅಲೆಯೂ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ. ಹಳೇ ಊರಿನ ಎಷ್ಟೋ ಓಣಿಗಳು ಅಷ್ಟು ಅಗಲ ಇಲ್ಲ. ಅಂಥ ಅಲೆಗೆ ಮನೆಯ ಮೂಲೆ ಒಂದು ಅಡ್ಡಿಯೇ ಅಲ್ಲ, ಬಳಸಿಕೊಂಡು ಬರುತ್ತದೆ. ಗೋಡೆಯನ್ನೂ ಹಾದು ಬರುತ್ತದೆ. ಹಾಡುವವರ ಮಾತಿನ ಚೂಪು, ಶಹನಾಯಿಯ ಮೇಲಿನ ಸ್ವರ ತಿರುವಿನಲ್ಲೇ ಸೊರಗುತ್ತವೆ.

ಈ ಪೆಟ್ಟಿನ ಲೆಕ್ಕ ಸರಳ. ಒಂದು ಆವರ್ತನೆಯನ್ನು 16 ಮನೆಗಳಾಗಿ ಕೊಯ್ದು 1, 5, 9, 13ನೇ ಮನೆಯಲ್ಲಿ ದಪ್ಪ ಡೋಲಿನ ಸದ್ದು ಕೂರಿಸಿದರೆ ನಾಲ್ಕು ಸಮ ಪೆಟ್ಟು ಸಿಗುತ್ತದೆ. ನಿಮಿಷಕ್ಕೆ 120ರಿಂದ 128 ಪೆಟ್ಟು ಅಂದರೆ ಸುಮಾರು ಅರ್ಧ ಸೆಕೆಂಡಿಗೆ ಒಂದು. ಚುರುಕಾಗಿ ಹೆಜ್ಜೆ ಹಾಕುವವನ ವೇಗ ಅದು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ತಾಳಯಂತ್ರದ ಮುಂಭಾಗದಲ್ಲಿ ಈ 16 ಮನೆಗಳಿಗೆ 16 ಗುಂಡಿಗಳೇ ಇದ್ದವು. ಹಲಗಿ ಬಡಿಯುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹಲಗಿಯ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಸಬೇಕು, ಬಡಿಯುವ ಕೈ ದಣಿಯುತ್ತದೆ, ಒಂದು ಪೆಟ್ಟಿನ ಹಾಗೆ ಇನ್ನೊಂದು ಇರುವುದಿಲ್ಲ. ಯಂತ್ರಕ್ಕೆ ಬೆಂಕಿಯೂ ಬೇಡ, ದಣಿವೂ ಇಲ್ಲ. ಹಲಗಿಯ ಪೆಟ್ಟು ಪೆಟ್ಟಿಗೂ ಇರುವ ಆ ವ್ಯತ್ಯಾಸವೇ ನನಗೆ ಹೆಚ್ಚು ಪ್ರಿಯ. ಆದರೂ ಯಂತ್ರದ ಕೈಗೆ ತಾಳ ಕೊಟ್ಟಮೇಲೆ ಇಬ್ಬರೇ ಒಂದು ಇಡೀ ವಾದ್ಯಮೇಳ ಆಗಬಹುದು ಎಂಬುದು ಜಗತ್ತಿನ ಸಂಗೀತವನ್ನೇ ತಿರುಗಿಸಿತು.

ಇಂಥ ಯಂತ್ರಗಳಿಂದ ಮೊದಲು ಹೊಸತನ್ನು ತೆಗೆದವರಲ್ಲಿ ನಮ್ಮವರೇ ಒಬ್ಬರಿದ್ದರು. ಮುಂಬಯಿ ಸಿನಿಮಾ ಸ್ಟುಡಿಯೋಗಳ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಆರ್-808, ಟಿಬಿ-303, ಜುಪಿಟರ್-8 ಎಂಬ ಮೂರು ರೋಲ್ಯಾಂಡ್ ವಾದ್ಯಗಳಲ್ಲಿ ಭೈರವ್, ಯಮನ್, ಮಾಲಕೌಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ಎಲ್‌ಪಿ ತಂದರು. ಅದು ಅಷ್ಟಾಗಿ ಮಾರಾಟವಾಗಲಿಲ್ಲ. ಐದು ವರ್ಷದ ನಂತರ ಅಮೆರಿಕದ ಶಿಕಾಗೋದ ಫ್ಯೂಚರ್ ಎಂಬ ತಂಡ ಅದೇ ಟಿಬಿ-303ರ ಗುಂಡಿಗಳನ್ನು ತಿರುವಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಾಗ ಅದರಿಂದ ಒಂದು ಸಂಗೀತಪಂಥವೇ ಹುಟ್ಟಿತು. ಸಿಂಗರ ತಟ್ಟೆ 2010ರಲ್ಲಿ ಮರುಮುದ್ರಣವಾದಾಗ ಪಶ್ಚಿಮದ ಕೇಳುಗರು ಬೆರಗಾದರು. ಸಿಂಗ್ ತೀರಿಕೊಂಡದ್ದು 2015ರಲ್ಲಿ; ಬದುಕಿದ್ದಾಗಲೇ ಮನ್ನಣೆ ಸಿಕ್ಕಿತು, ಆದರೆ ತೀರ ತಡವಾಗಿ.

ಇನ್ನೊಂದು ಎಳೆ ನೇರವಾಗಿ ನಮ್ಮ ಬರಾತಿಗೆ ಬಂದು ಸೇರುತ್ತದೆ. 1982ರ ‘ಡಿಸ್ಕೋ ಡ್ಯಾನ್ಸರ್’ ಚಿತ್ರದ ‘ಜಿಮ್ಮಿ ಜಿಮ್ಮಿ’ ಹಾಡು ಯಾರಿಗೆ ಗೊತ್ತಿಲ್ಲ? ಬಪ್ಪಿ ಲಹಿರಿ ಅದನ್ನು ಕಟ್ಟಿದ್ದು ಒಟ್ಟಾವನ್ ಎಂಬ ಫ್ರೆಂಚ್ ಡಿಸ್ಕೋ ತಂಡದ 1980ರ ಹಾಡೊಂದರ ಮೇಲೆ. ಒಟ್ಟಾವನ್‌ನ ಹಾಡುಗಳನ್ನು ರೂಪಿಸಿದವರಲ್ಲಿ ಪ್ಯಾರಿಸ್ಸಿನ ಡೇನಿಯಲ್ ವ್ಯಾಂಗಾರ್ಡ್ ಮುಖ್ಯರು. ಮುಂದೆ ಡಾಫ್ಟ್ ಪಂಕ್ ಎಂಬ ಜೋಡಿಯಲ್ಲಿ ಒಬ್ಬನಾದ ಅವರ ಮಗ ತೋಮಾ ಬಾಂಗಾಲ್ತೆರ್ ಆಗ ಇನ್ನೂ ಪುಟ್ಟ ಹುಡುಗ. ಅಂದರೆ ಮಗನ ಸಂಗೀತಕ್ಕಿಂತ ಹತ್ತು ಹದಿನೈದು ವರ್ಷ ಮೊದಲೇ ಅಪ್ಪನ ರಾಗ ವೇಷ ಬದಲಿಸಿಕೊಂಡು ನಮ್ಮ ಬೀದಿಗಳಿಗೆ ಬಂದಾಗಿತ್ತು.

ತೋಮಾ 1987ರಲ್ಲಿ ಪ್ಯಾರಿಸ್ಸಿನ ಲಿಸೆ ಕಾರ್ನೋ ಶಾಲೆಯಲ್ಲಿ ಗೀ-ಮಾನ್ಯುಯೆಲ್ ದ ಒಮೆಂ-ಕ್ರಿಸ್ತೊ ಎಂಬ ಗೆಳೆಯನನ್ನು ಕಂಡುಕೊಂಡ. ಇಬ್ಬರೂ ಮೊದಲು ಹಿಡಿದದ್ದು ಗಿಟಾರ್. ಮೂರನೆಯವನೊಬ್ಬನನ್ನು ಸೇರಿಸಿಕೊಂಡು ‘ಡಾರ್ಲಿನ್’ ಎಂಬ ರಾಕ್ ತಂಡ ಕಟ್ಟಿದರು. ಇಂಗ್ಲೆಂಡಿನ ಮೆಲೊಡಿ ಮೇಕರ್ ಪತ್ರಿಕೆಯ ವಿಮರ್ಶಕರೊಬ್ಬರು ಅವರ ವಾದನವನ್ನು ಪೆದ್ದು ಪಂಕ್ ಗದ್ದಲ ಎಂಬ ಅರ್ಥದ ಮಾತಿನಿಂದ ತಳ್ಳಿಹಾಕಿದರು. ತಂಡ ಮುಚ್ಚಿತು. ಉಳಿದ ಇಬ್ಬರು 1993ರಲ್ಲಿ ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು: ಡಾಫ್ಟ್ ಪಂಕ್. ಅದೇ ವರ್ಷ ಒಂದು ಕುಣಿತದ ಕೂಟದಲ್ಲಿ ಸ್ಕಾಟ್‌ಲೆಂಡಿನ ಸೋಮಾ ಎಂಬ ಸಣ್ಣ ಕಂಪನಿಯವರ ಪರಿಚಯವಾಯಿತು. ಅವರ ಮೂಲಕ 1995ರಲ್ಲಿ ಬಂದ ‘ಡಾ ಫಂಕ್’ ಕ್ಲಬ್‌ಗಳಲ್ಲಿ ಹಬ್ಬಿತು. ದೊಡ್ಡ ಕಂಪನಿಗಳು ಬಾಗಿಲಿಗೆ ಬಂದವು.

ಇಲ್ಲಿ ಅವರು ತೋರಿದ ಎಚ್ಚರವನ್ನು ನಾನು ಅವರ ಸಂಗೀತದಷ್ಟೇ ಮೆಚ್ಚುತ್ತೇನೆ. 1996ರಲ್ಲಿ ವರ್ಜಿನ್ ಕಂಪನಿಯ ಜೊತೆ ಕರಾರು ಮಾಡಿಕೊಂಡರೂ ತಮ್ಮ ಧ್ವನಿಮುದ್ರಣಗಳ ಒಡೆತನವನ್ನು ಬಿಟ್ಟುಕೊಡಲಿಲ್ಲ. ಕಂಪನಿಗೆ ಸಿಕ್ಕಿದ್ದು ಮಾರುವ ಹಕ್ಕು ಮಾತ್ರ. ಹೊಲ ಇಟ್ಟುಕೊಂಡು ಫಸಲು ಮಾರಿದ ಹಾಗೆ. ಧಂದೆಯ ಒಳಹೊರಗು ಬಲ್ಲ ಅಪ್ಪನ ಸಲಹೆ ಹುಡುಗರಿಗೆ ಇತ್ತು. 1997ರ ಜನವರಿಯಲ್ಲಿ ಬಂದ ಮೊದಲ ಆಲ್ಬಂ ‘ಹೋಂವರ್ಕ್’ ದೊಡ್ಡ ಸ್ಟುಡಿಯೋದಲ್ಲಿ ತಯಾರಾದದ್ದಲ್ಲ, ತೋಮಾನ ಮಲಗುವ ಕೋಣೆಯಲ್ಲಿ. ಹೆಸರಿನಲ್ಲೇ ಆ ಸಂಗತಿ ಇದೆ.

2001ರ ‘ಡಿಸ್ಕವರಿ’ಯಿಂದ ಅವರು ರೋಬೋಟ್ ಹೆಲ್ಮೆಟ್ ತೊಟ್ಟು ಮುಖ ಮರೆಸಿದರು. ವೇಷ ತೊಟ್ಟವನನ್ನು ಬಿಟ್ಟು ಪಾತ್ರವನ್ನು ನೋಡುವುದು ದೊಡ್ಡಾಟ, ಯಕ್ಷಗಾನ ಕಂಡ ನಮಗೆ ಹೊಸದಲ್ಲ. ಪಾಪ್ ಲೋಕದಲ್ಲಿ ಅದು ಅಪರೂಪ. ಆ ಆಲ್ಬಮ್ಮಿನ ‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ ಹಾಡು ನಿಂತಿರುವುದು ಎಡ್ವಿನ್ ಬರ್ಡ್‌ಸಾಂಗ್ ಎಂಬ ಅಮೆರಿಕನ್ ವಾದಕ 1979ರಲ್ಲಿ ನುಡಿಸಿದ ಒಂದು ತುಣುಕಿನ ಮೇಲೆ. ಹಳೇ ತಟ್ಟೆಯಿಂದ ಎರಡು ಮೂರು ಸೆಕೆಂಡಿನ ಸದ್ದು ಕತ್ತರಿಸಿ, ಮತ್ತೆ ಮತ್ತೆ ಸುತ್ತಿಸಿ, ಮೇಲೆ ಹೊಸತನ್ನು ನೇಯುವ ಈ ಕೆಲಸಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಕೌದಿ ಹೊಲಿಯುವ ಕೈಗೆ ಇದು ಅರ್ಥವಾದೀತು. ತುಂಡು ಯಾರ ಸೀರೆಯದೋ. ಯಾವುದರ ಪಕ್ಕ ಯಾವುದು ಕೂರಬೇಕೆಂಬ ಕಣ್ಣು ಹೊಲಿಯುವವಳದ್ದು.

2006ರಲ್ಲಿ ಕ್ಯಾಲಿಫೋರ್ನಿಯಾದ ಕೊಚೆಲಾ ಉತ್ಸವದಲ್ಲಿ ಬೆಳಕಿನ ಪಿರಮಿಡ್ಡಿನೊಳಗೆ ನಿಂತು ನುಡಿಸಿದ ಮೇಲೆ ಎಲೆಕ್ಟ್ರಾನಿಕ್ ಕುಣಿತದ ಸಂಗೀತಕ್ಕೂ ಬಯಲುತುಂಬ ಜನ ಸೇರುತ್ತಾರೆಂದು ಸಂಘಟಕರಿಗೆ ನಂಬಿಕೆ ಬಂತು. ಮರುವರ್ಷವೇ ಗೋವಾದಲ್ಲಿ ಸನ್‌ಬರ್ನ್ ಉತ್ಸವ ಶುರುವಾಯಿತು. ಇನ್ನು ಸದ್ದು ಏರಿಸುವುದೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡಿದ್ದಾಗ ಈ ಇಬ್ಬರು ತಿರುಗಿ ನಡೆದರು. 2013ರ ‘ರ್‍ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ ಜೀವಂತ ಡ್ರಮ್ ವಾದಕರನ್ನು, ಗಿಟಾರ್ ವಾದಕ ನೈಲ್ ರಾಜರ್ಸ್‌ನಂಥ ಹಿರಿಯರನ್ನು ಕರೆದು ಕೂರಿಸಿದರು. 2014ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಅದಕ್ಕೇ ಬಂತು. ಯಂತ್ರದಿಂದ ಮೇಲೆ ಬಂದವರು ಮನುಷ್ಯರ ಕೈಗೆ ತಾಳ ಮರಳಿಸಿದ್ದು ಅವರ ಬಾಳಿನ ದೊಡ್ಡ ಕೆಲಸ ಎಂದು ನಾನು ತಿಳಿಯುತ್ತೇನೆ. 2021ರ ಫೆಬ್ರವರಿ 22ರಂದು ಒಂದು ವಿಡಿಯೋ ಹಾಕಿ ಜೋಡಿ ಬೇರೆಯಾಯಿತು.

ನಮ್ಮ ದೇಶದಲ್ಲೂ ಜೋಡಿಗಳಿವೆ. ದೆಹಲಿಯ ಗೌರವ್ ರೈನಾ, ತಪನ್ ರಾಜ್ 1997ರಲ್ಲಿ ಕಟ್ಟಿದ ಮಿಡಿವಲ್ ಪಂಡಿತ್ಜ್ ಅವುಗಳಲ್ಲಿ ಹಿರಿದು. ಬೆಂಗಳೂರಿನ ಸಲ್ಕ್ ಸ್ಟೇಷನ್ ಎಂಬ ಜೋಡಿಯಲ್ಲಿ ತನ್ವಿ ರಾವ್ ಹಿಂದೂಸ್ತಾನಿ ನೆಲೆಯ ದನಿ, ರಾಹುಲ್ ಗಿರಿ ಯಂತ್ರದ ಕೈ. 2012ರಲ್ಲಿ ಅವರ ‘ಟಿಲ್ ಯು ಅಪಿಯರ್’ ಬಂತು. ಅದು ಕುಣಿಸುವ ಸಂಗೀತವಲ್ಲ, ನಿಧಾನದ್ದು. ಆದರೆ ಕರ್ನಾಟಕದ ಒಂದು ಕೋಣೆಯಲ್ಲಿ ಇಬ್ಬರೇ ಕೂತು ತಮ್ಮದೇ ದನಿ ಹುಡುಕಬಹುದೆಂದು ತೋರಿಸಿತು. ನ್ಯೂಕ್ಲಿಯಾ ಎಂಬ ಹೆಸರಿನ ಉದ್ಯಾನ್ ಸಾಗರ್ ನಮ್ಮ ಬರಾತಿಗೆ ಇನ್ನೂ ಹತ್ತಿರದವರು. ಬೀದಿ ಮೆರವಣಿಗೆಯ ಬಡಿತವನ್ನು ಎತ್ತಿಕೊಂಡು ಮಾಡಿದ ‘ಬಾಸ್ ರಾಣಿ’ಯನ್ನು ಅವರು 2015ರ ಗಣೇಶ ವಿಸರ್ಜನೆಯ ಹೊತ್ತಿಗೇ ಬಿಡುಗಡೆ ಮಾಡಿದರು.

ಬೀದರ್, ಭಾಲ್ಕಿ, ಔರಾದಿನಲ್ಲಿ ಡಿಜೆ ಹಚ್ಚುವ ಹುಡುಗರಿಗೆ ವೈರಿನ ಲೆಕ್ಕ, ಆಂಪ್ಲಿಫೈಯರಿನ ತಾಪ, ಜನ ಯಾವ ಹಾಡಿಗೆ ಏಳುತ್ತಾರೆಂಬ ಅಂದಾಜು ಚೆನ್ನಾಗಿ ಗೊತ್ತು. ಅದು ಸಣ್ಣ ಕಸುಬಲ್ಲ. ಆದರೆ ಅವರ ಪೆಟ್ಟಿಗೆಯಿಂದ ಹೊರಡುವುದು ಬೇರೆಯವರು ಕಟ್ಟಿದ್ದು. ಅದಕ್ಕೇ ಪೈಪೋಟಿ ಸದ್ದಿನ ಮಟ್ಟಕ್ಕೆ ಇಳಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಡೆಸಿಬೆಲ್ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಗಾಡಿಯ ಮುಂದೆಯೇ ಕುಣಿಯುವವರ ಒಳಕಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಮ್ಮದೇ ಸಂಗೀತ ಕಟ್ಟಲು ಬೇಕಾದ ಸರಕು ನಮ್ಮ ಸುತ್ತಲೇ ಇದೆ: ಮೊಹರಮ್ಮಿನ ಹೆಜ್ಜೆ, ರಿವಾಯತ್ ಪದ, ಹೆಂಗಸರು ಸುತ್ತುಗಟ್ಟಿ ಹಾಡುವ ಬುಲಾಯಿ ಹಾಡು, ಹಲಗಿಯ ನಡೆ. ಈಗ ಒಂದು ಲ್ಯಾಪ್‌ಟಾಪಿನೊಳಗೇ 808ರ ಸದ್ದು ಇರುತ್ತದೆ. ನಿಮ್ಮ ಊರಲ್ಲಿ ಇಂಥ ಹಾಡು ಬಲ್ಲ ಅಜ್ಜಿ ಇದ್ದರೆ ಮುಂದಿನ ಹಬ್ಬಕ್ಕೇ ಹೋಗಿ ಎದುರು ಕೂತು, ಕೇಳಿಕೊಂಡು, ಫೋನಿನಲ್ಲಿ ಹಿಡಿದಿಡಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಮುಂದೆ ಅದರ ಮೇಲೆ ನೀವು ನಾಲ್ಕು ಪೆಟ್ಟು ಕೂರಿಸಿದ ದಿನ ಮೊದಲು ಅವರ ಹೆಸರು ಹಾಕಿ, ಬಂದ ದುಡ್ಡಿನಲ್ಲಿ ಅವರ ಪಾಲು ಕೊಡಿ.